ಅಪ್ಪ ರೆಪ್ಪೆ ಇಳಿಸಿ ನೋಡಿದ ಮಳೆಗಾಲ

ಆಗೆಲ್ಲ ನಮ್ಮ ಹಟ್ಟಿಯಲ್ಲಿ ಕಾಯಿಲೆ ಎಂದರೆ ಮನುಷ್ಯನನ್ನು ಕೆಡವಿ ಚಾಪೆ ಹಿಡಿಸುವಂಥದ್ದು. ಚಳಿಜ್ವರ, ವಾಂತಿಭೇದಿ, ಕಾಮಾಲೆ, ಬೇಕಾದರೆ ಚೇಳು ಕಡಿದದ್ದನ್ನೂ ಸೇರಿಸಿಕೊಳ್ಳಿ. ಎದ್ದು ಓಡಾಡಿಕೊಂಡಿರುವವರಿಗೆ ಏನೇ ಆಗಿದ್ದರೂ ಅದಕ್ಕೆ ಬೇರೆ ಹೆಸರುಗಳಿದ್ದವು: ಸೋಮಾರಿತನ, ಕಳ್ಳಾಟ, ಕೆಟ್ಟ ಚಟ. ನೀವೂ ಹಳ್ಳಿಯಲ್ಲಿ ಬೆಳೆದವರಾದರೆ ಇಂಥ ಹೆಸರು ಹೊತ್ತವರು ನಿಮ್ಮ ಮನೆಯಲ್ಲೂ ಒಬ್ಬರಾದರೂ ಇದ್ದಿರುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿದ್ದೆವು, ನಾನು ಮತ್ತು ಅವ್ವ.

ಹಿರಿಯೂರಿನಿಂದ ಬಬ್ಬೂರಿನ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ನಮ್ಮ ಹಟ್ಟಿ. ಮನೆ ಎಂದರೆ ಕೆಮ್ಮಣ್ಣು ಮೆತ್ತಿದ ಗೋಡೆ, ಪಕ್ಕದಲ್ಲೇ ಕುರಿಗಳ ರೊಪ್ಪ. ನಾನಾಗ ಏಳನೇ ತರಗತಿ. ಆ ವರ್ಷ ಮುಂಗಾರಿನ ಮೊದಲ ಹನಿಗಳು ಗೋಡೆಗೆ ಬಿದ್ದಾಗ ಎದ್ದ ವಾಸನೆಯನ್ನು ಎಲ್ಲರೂ ಒಂದು ಸಲ ಮೂಗು ತುಂಬ ಎಳೆದುಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋದರು. ನನಗೆ ಹೋಗಲಾಗಲಿಲ್ಲ. ಬಾಯಲ್ಲಿ ನೀರು ತುಂಬಿಕೊಂಡಿತ್ತು. ಒಲೆಯ ಹಿಂದಿನ ಮೂಲೆಯಲ್ಲಿ ಗೋಡೆ ಹಕ್ಕಳೆ ಎದ್ದಿತ್ತು. ಉಗುರಿನಲ್ಲಿ ಕೆದಕಿ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮೊದಲು ಹಲ್ಲಿಗೆ ಮರಳು ಸಿಕ್ಕಿ ಕರಕರ ಎನ್ನುತ್ತಿತ್ತು, ಆಮೇಲೆ ಕರಗಿ ತಣ್ಣಗೆ ನಾಲಿಗೆ ಮೇಲೆ ಹರಡುತ್ತಿತ್ತು. ಮುದ್ದೆ, ಹುರುಳಿಕಾಳಿನ ಸಾರು ಮುಂದಿಟ್ಟರೆ ಎರಡು ತುತ್ತಿಗೇ ಸಾಕೆನ್ನುತ್ತಿದ್ದ ನನಗೆ ಗೋಡೆ ಮಾತ್ರ ಎಷ್ಟು ತಿಂದರೂ ಸಾಲುತ್ತಿರಲಿಲ್ಲ.

ಅಪ್ಪನ ಅವ್ವ, ನಮ್ಮ ಅಜ್ಜಿ, ಒಂದು ದಿನ ಹಿಡಿದೇ ಬಿಟ್ಟಳು.

"ಲೇ ಗಿರಿಜಿ, ಬಾಯಿ ತಗಿ."

ತೆಗೆಯಲಿಲ್ಲ. ಕೆನ್ನೆ ಒತ್ತಿ ತೆಗೆಸಿದಳು.

"ಮನೇಲಿ ಅನ್ನ ಇಲ್ದಂಗೆ ಗೋಡೆ ತಿಂತೀಯಲ್ಲೇ, ನೋಡ್ದೋರು ಏನಂದಾರು?"

ಆ ಮೂಲೆಗೆ ಬೇವಿನೆಣ್ಣೆ ಬಳಿದಳು. ನಾನು ಮೂಲೆ ಬದಲಾಯಿಸಿದೆ. ಅವ್ವ ಪೊರಕೆ ತಗೊಂಡು ಬಂದಳು. ಆದರೆ ಹೊಡೆದು ಮುಗಿಸುವಷ್ಟು ತ್ರಾಣ ಅವಳಲ್ಲಿ ಇರುತ್ತಿರಲಿಲ್ಲ, ಎರಡೇಟು ಹಾಕಿ ಏದುಸಿರು ಬಿಡುತ್ತ ಅಲ್ಲೇ ಗೋಡೆಗೊರಗಿ ಕುಳಿತುಬಿಡುತ್ತಿದ್ದಳು. ಹಟ್ಟಿಯ ಹುಡುಗರಿಗೆ ಸುದ್ದಿ ತಲುಪಲು ಒಂದು ಸಂಜೆ ಸಾಕಾಯಿತು. ನನಗೆ 'ಗೋಡೆ ಗಿರಿಜಿ' ಎಂದು ಹೆಸರು ಬಿತ್ತು. ಕುಂಟೆಬಿಲ್ಲೆ ಆಡುವಾಗ ಎರಡು ಮನೆ ಕುಂಟುವಷ್ಟರಲ್ಲಿ ನನಗೆ ದಮ್ಮು ಕಟ್ಟುತ್ತಿತ್ತು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. "ಹೊಟ್ಟೇಲಿ ಗೋಡೆ ಐತೆ, ಹೆಂಗೆ ಕುಂಟ್ತಾಳೆ?" ಎಂದು ನಗುತ್ತಿದ್ದರು. ನಾನು ಆಟ ಬಿಟ್ಟೆ.

ಅವ್ವನಿಗೆ ಬಿದ್ದ 'ಸೋಮಾರಿ' ಎಂಬ ಹೆಸರು ನನ್ನದಕ್ಕಿಂತ ಹಳೆಯದು. ಶೇಂಗಾ ಹೊಲದಲ್ಲಿ ಕಳೆ ತೆಗೆಯಲು ಹೆಂಗಸರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತಿದ್ದರು. ಎಲ್ಲರೂ ಬದು ಮುಟ್ಟಿದಾಗ ಅವ್ವ ಇನ್ನೂ ಅರ್ಧ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿರುತ್ತಿದ್ದಳು. ಯಾರಾದರೂ ಎದುರಿನಿಂದ ಬಂದು ಅವಳ ಸಾಲು ಮುಗಿಸಿಕೊಡುತ್ತಿದ್ದರು, ಮುಗಿಸುವಾಗ ಒಂದು ಮಾತು ಅಂದೇ ಅನ್ನುತ್ತಿದ್ದರು. ಅವಳು ಅನ್ನಕ್ಕಿಂತ ಹೆಚ್ಚಾಗಿ ಟೀ ಮೇಲೆ ಬದುಕಿದ್ದಳು.

ಇನ್ನೊಂದು ವಿಷಯ ಇದೆ, ಬರೆಯಲು ಈಗಲೂ ಕೈ ಹಿಂದೆಮುಂದೆ ನೋಡುತ್ತದೆ. ಮುಟ್ಟಾದ ಹೆಂಗಸರು ಆಗ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಬೇಕಿತ್ತು. ಬೇರೆಯವರು ಹೋಗುತ್ತಿದ್ದರು, ಬರುತ್ತಿದ್ದರು. ಅವ್ವ ಹೋದರೆ ಬರುವುದು ಯಾವಾಗ ಎಂದು ಹೇಳುವಂತೆಯೇ ಇರಲಿಲ್ಲ. ಅವಳ ಜೊತೆ ಹೋದವರೆಲ್ಲ ತಲೆಗೆ ನೀರು ಹಾಕಿಕೊಂಡು ಮನೆ ಸೇರಿ ಎಷ್ಟೋ ದಿನವಾದರೂ ಅವಳು ಅಲ್ಲೇ ಇರುತ್ತಿದ್ದಳು. ಊಟದ ತಟ್ಟೆ ಒಯ್ದು ದೂರದಲ್ಲಿಟ್ಟು ಬರುವುದು ನನ್ನ ಕೆಲಸ.

"ಮನೆ ಕೆಲಸ ತಪ್ಪುಸ್ಕಣಾಕೆ ಅಲ್ಲೇ ತಳ ಊರವಳೆ," ಎನ್ನುತ್ತಿದ್ದಳು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ. ನಾನು ಅದನ್ನು ನಂಬಿದ್ದೆ. ತಟ್ಟೆ ಇಟ್ಟು ಅವ್ವನ ಮುಖ ನೋಡದೆ ತಿರುಗಿ ಬರುತ್ತಿದ್ದೆ. ಬೇರೆ ಹುಡುಗಿಯರ ಅವ್ವಂದಿರು ಹೀಗಿಲ್ಲವಲ್ಲ ಎಂದು ನಾಚಿಕೆಯಾಗುತ್ತಿತ್ತು.

ಅಪ್ಪನದು ಮಾತು ಕಡಿಮೆ, ಕುರಿಯೇ ಅವನ ಲೋಕ. ಮಳೆ ಹಿಡಿದು ಹಸಿಹುಲ್ಲು ಚಿಗುರಿದ ಮೇಲೆ ಕುರಿಗೆ ಜಂತು ಸೇರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯನ್ನು ತೊಡೆಯ ಸಂದಿಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡುತ್ತಿದ್ದ. ಒಳಗೆ ಕೆಂಪಗಿದ್ದರೆ ಬಿಡುತ್ತಿದ್ದ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತು ರಕ್ತ ಹೀರುತ್ತಿದೆ ಎಂದು ಲೆಕ್ಕ. ಅದನ್ನು ಬೇರೆ ಕಟ್ಟಿ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುತ್ತಿದ್ದ. ನಾನು ಪಕ್ಕದಲ್ಲಿ ಗೊಟ್ಟ ಹಿಡಿದು ನಿಲ್ಲುತ್ತಿದ್ದೆ, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಇಟ್ಟುಕೊಂಡು.

ಅದೇ ಮಳೆಗಾಲದಲ್ಲಿ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದರು. ಸಿಸ್ಟರ್ ಒಬ್ಬರು ಸಾಲಾಗಿ ನಿಲ್ಲಿಸಿ ಹಲ್ಲು, ನಾಲಿಗೆ, ಉಗುರು ನೋಡಿದರು. ನನ್ನ ಸರದಿ ಬಂದಾಗ ಹೆಬ್ಬೆರಳಿನಿಂದ ಕೆಳರೆಪ್ಪೆ ಇಳಿಸಿದರು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ನಂಗೂ ಜಂತು ಐತಾ ಸಿಸ್ಟರ್?"

"ನಿಂಗೂ ಅಂದ್ರೆ? ಇನ್ಯಾರಿಗಿದೆ?"

"ನಮ್ಮ ಕುರಿಗೆ."

ಇಡೀ ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಸಿಸ್ಟರ್ ನಗಲಿಲ್ಲ, ಆದರೆ ಅವರು ಮುಂದೆ ಕೇಳಿದ್ದು ಅದಕ್ಕಿಂತ ಕೆಟ್ಟದ್ದಾಯಿತು.

"ಮಣ್ಣು, ಬಳಪ, ಹಸಿ ಅಕ್ಕಿ, ಇಂಥದ್ದೇನಾದ್ರೂ ತಿಂತೀಯೇನಮ್ಮ?"

ಇಲ್ಲ ಎಂದೆ. ಹಿಂದಿನಿಂದ ಯಾರೋ, "ಗೋಡೆ ತಿಂತಾಳೆ ಸಿಸ್ಟರ್, ಇವ್ಳ ಹೆಸರೇ ಗೋಡೆ ಗಿರಿಜಿ," ಎಂದರು. ನೆಲ ಬಿರಿದು ಒಳಗೆ ಎಳೆದುಕೊಂಡರೆ ಸಾಕಾಗಿತ್ತು. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಇದು ಚಟ ಅಲ್ಲ, ಮೈಯಲ್ಲಿ ರಕ್ತ ಕಡಿಮೆಯಾದರೆ ಹೀಗೆ ಮಣ್ಣು ತಿನ್ನಬೇಕು ಅನ್ನಿಸುತ್ತೆ, ನಾಳೆನೇ ಅಪ್ಪ ಅವ್ವನ ಜೊತೆ ಹಿರಿಯೂರು ಆಸ್ಪತ್ರೆಗೆ ಬಾ ಎಂದರು. ಅವರು ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಲಿಲ್ಲ, ಕುರಿ ಮತ್ತು ಗೋಡೆ ಮಾತ್ರ ಎಲ್ಲರಿಗೂ ಕೇಳಿತ್ತು.

ಮನೆಗೆ ಬಂದು ಅಳುತ್ತ ಎಲ್ಲವನ್ನೂ ಹೇಳಿದೆ. ಅಜ್ಜಿ, "ಮಣ್ಣು ತಿನ್ನೋದೂ ಒಂದು ಕಾಯಿಲೆನಾ," ಎಂದು ಮೂಗು ಮುರಿದಳು. ಅಪ್ಪ ನನ್ನ ಕೈ ಹಿಡಿದು ಬಾಗಿಲ ಬೆಳಕಿಗೆ ಕರೆತಂದು ಕೆಳರೆಪ್ಪೆ ಇಳಿಸಿದ. ಅವನ ಹೆಬ್ಬೆರಳಿನಲ್ಲಿ ಉಣ್ಣೆಯ ವಾಸನೆ ಇತ್ತು. ಒಂದು ಕಣ್ಣು ನೋಡಿದ, ಇನ್ನೊಂದು ನೋಡಿದ, ಮತ್ತೆ ಮೊದಲನೆಯದು ನೋಡಿದ.

"ದಿನಾ ಕುರಿ ಕಣ್ಣು ನೋಡ್ತೀನಿ ಕಣವ್ವ ನಾನು," ಎಂದ. ಅಷ್ಟೇ. ಅಪ್ಪ ನಾಚಿಕೆಪಟ್ಟದ್ದನ್ನು ನಾನು ಮೊದಲ ಸಲ ಕಂಡೆ. ದೊಡ್ಡವರಿಗೂ ನಾಚಿಕೆಯಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಆಮೇಲೆ ಅವನು ಒಲೆಯ ಮುಂದಿದ್ದ ಅವ್ವನ ಕಡೆ ತಿರುಗಿದ. "ನೀನೂ ಇತ್ತ ಬಾ."

"ನಂಗೇನಾಗೈತೆ?"

"ಬಾ ಅಂದ್ನಲ್ಲ."

"ಅತ್ತೆ ಮುಂದೆ, ಮಕ್ಕಳ ಮುಂದೆ, ಎಂಥದ್ದಿದು," ಎಂದು ಅವ್ವ ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ನಮ್ಮಲ್ಲಿ ಗಂಡ ನಾಲ್ಕು ಜನರ ಎದುರು ಹೆಂಡತಿಯ ಮುಖ ಮುಟ್ಟುವುದೆಂದರೆ ಮರ್ಯಾದೆ ಬಿಟ್ಟಂತೆ. ಅಪ್ಪ ಆ ಮರ್ಯಾದೆ ಬಿಟ್ಟ. ಮಂಡಿಯೂರಿ ಕುಳಿತು ಅವಳ ಗಲ್ಲ ಹಿಡಿದು ರೆಪ್ಪೆ ಇಳಿಸಿದ. ನಾನೂ ಇಣುಕಿದೆ. ಒಳಗೆ ಕಾಗದದಷ್ಟು ಬಿಳಿ. ಹಾಗಿದ್ದ ಕುರಿಯನ್ನು ಅಪ್ಪ ಮೇಯಲು ಹೊಡೆಯುತ್ತಲೇ ಇರಲಿಲ್ಲ, ನೆರಳಲ್ಲಿ ಕಟ್ಟುತ್ತಿದ್ದ. ಅವ್ವ ಅವತ್ತೂ ಕಳೆ ತೆಗೆದು ಬಂದಿದ್ದಳು.

ಮಾರನೆಯ ದಿನ ಅಪ್ಪ, ಅವ್ವ, ನಾನು, ಅವ್ವನ ಸೊಂಟದ ಮೇಲೆ ಎಳೆಯ ತಮ್ಮ ರಂಗ ಹಿರಿಯೂರಿಗೆ ಹೋದೆವು. ಲೇಡಿ ಡಾಕ್ಟರು ನನ್ನ ವಿಷಯ ಬೇಗ ಮುಗಿಸಿದರು. ಜಂತಿಗೆ ಮಾತ್ರೆ, ರಕ್ತಕ್ಕೆ ಕಬ್ಬಿಣದ ಮಾತ್ರೆ. ಮಾತ್ರೆಯ ಜೊತೆ ಟೀ ಕುಡಿಯಬಾರದು, ನಿಂಬೆಹಣ್ಣಿನ ನೀರು ಕುಡಿಯಬೇಕು. ಬಯಲಿಗೆ ಬರಿಗಾಲಲ್ಲಿ ಹೋಗಬಾರದು, ಜಂತು ಅಂಗಾಲಿನಿಂದಲೇ ಹತ್ತುತ್ತದೆ. ಆಮೇಲೆ ಅವ್ವನನ್ನು ಕೂರಿಸಿಕೊಂಡರು. ಸುಸ್ತು, ಎದೆ ಡವಡವ, ಕಾಲು ಊತ ಎಲ್ಲವನ್ನೂ ಕೇಳಿದರು. ಎಲ್ಲಕ್ಕೂ ಅವ್ವ "ಇಲ್ರಿ" ಎಂದಳು.

"ಮುಟ್ಟು ಹೇಗಾಗುತ್ತೆ? ಜಾಸ್ತಿ ಹೋಗುತ್ತಾ?"

ಅಪ್ಪ ಎದ್ದು ಹೊರಗೆ ನಡೆದ. ಅವ್ವ ನನಗೂ, "ರಂಗನ್ನ ಎತ್ಕಂಡು ಹೊರಗೆ ಕುಂತ್ಕ," ಎಂದಳು. ನಾನು ಬಾಗಿಲವರೆಗೆ ಹೋಗಿ ಅಲ್ಲೇ ನಿಂತೆ.

"ಎಲ್ಲಾರ್ಗೂ ಆಗಂಗೇ ರೀ," ಎಂದಳು ಅವ್ವ.

ಡಾಕ್ಟರು ಬರೆಯಲು ತಲೆ ತಗ್ಗಿಸಿದರು. ಅವರು ಬರೆದುಬಿಟ್ಟರೆ ಮುಗಿಯಿತು, ಅವ್ವ ಮತ್ತೆ ಅದೇ ಗುಡಿಸಲಿಗೆ, ಅದೇ ಸಾಲಿಗೆ. ಇಷ್ಟೆಲ್ಲ ನಾನಾಗ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಗೋಡೆ ತಿನ್ನುವುದಿಲ್ಲ ಎಂದು ತರಗತಿಯಲ್ಲಿ ಸುಳ್ಳು ಹೇಳುವಾಗ ನನ್ನ ಕುತ್ತಿಗೆ ಹೇಗೆ ಬಗ್ಗಿತ್ತೋ ಹಾಗೇ ಅವ್ವನ ಕುತ್ತಿಗೆ ಬಗ್ಗಿತ್ತು.

"ಎಲ್ಲಾರಂಗಲ್ಲ ಮೇಡಂ, ನಮ್ಮವ್ವ ಹೊರಗೆ ಕುಂತ್ರೆ ಒಳಗೆ ಬರದೇ ಇಲ್ಲ," ಎಂದೆ.

ಅವ್ವ ನನ್ನನ್ನು ನೋಡಿದ ನೋಟವನ್ನು ಹೇಗೆ ಹೇಳಲಿ? ಅದರಲ್ಲಿ ಕೋಪವಿರಲಿಲ್ಲ. ನಡುಬೀದಿಯಲ್ಲಿ ಸೀರೆ ಜಾರಿದವಳ ಹಾಗೆ ನೋಡಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಚಿತ್ರದುರ್ಗದ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿ, ಅಲ್ಲಿವರೆಗೆ ಇವರೂ ಇದೇ ಮಾತ್ರೆ ತಗೊಳ್ಳಲಿ ಎಂದು ಅಪ್ಪನಿಗೆ ಹೇಳಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಕೂರಲಿಲ್ಲ. ಮನೆಯಲ್ಲೂ ಮಾತಿಲ್ಲ. ತಟ್ಟೆ ಮುಂದಿಟ್ಟು ಹೋಗುತ್ತಿದ್ದಳು, ಗುಡಿಸಲಲ್ಲಿ ನಾನು ಅವಳಿಗೆ ಮಾಡುತ್ತಿದ್ದ ಹಾಗೆ.

ಮಾತ್ರೆ ಶುರುವಾದ ಮೇಲೆ ನನಗೆ ಹೊಸ ಭಯ ಹಿಡಿಯಿತು. ಬಯಲಿಗೆ ಹೋದರೆ ಕಪ್ಪಗೆ ಹೋಗುತ್ತಿತ್ತು, ಇದ್ದಿಲಿನಷ್ಟು ಕಪ್ಪು. ಇಷ್ಟು ದಿನ ತಿಂದ ಗೋಡೆಯೆಲ್ಲ ಕೊಳೆತು ಬರುತ್ತಿದೆ ಎಂದುಕೊಂಡೆ. ಯಾರಿಗೆ ಹೇಳುವುದು? ಮಣ್ಣು ಮುಚ್ಚಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಜಾಲಿಯ ಹಿಂದೆ ಅವ್ವನೂ ಹಾಗೇ ಕಾಲಿನಿಂದ ಮಣ್ಣು ಎಳೆದು ಎಳೆದು ಮುಚ್ಚುತ್ತಿರುವುದು ಕಂಡಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಕರ್ರಗಾ?" ಎಂದೆ.

"ನಿಂಗೂನಾ?" ಎಂದಳು ಅವ್ವ. "ನಾನೂ ಸಾಯ್ತೀನೇನೋ ಅನ್ಕಂಡಿದ್ದೆ ಕಣೇ," ಎಂದು ನಗತೊಡಗಿದಳು. ಚೊಂಬು ಕೆಳಗಿಟ್ಟು ನಗುವಷ್ಟು ನಕ್ಕೆವು. ಆ ಮಾತ್ರೆಗೆ ಹಾಗಾಗುವುದು ಸಹಜ ಎಂದು ಮುಂದಿನ ಸಲ ಸಿಸ್ಟರ್ ಹೇಳಿದಾಗ ಮತ್ತೊಮ್ಮೆ ನಗು ಬಂತು. ಅವ್ವ ನನ್ನ ಜೊತೆ ಮಾತು ಶುರು ಮಾಡಿದ್ದು ಹೀಗೆ.

ದುರ್ಗದಲ್ಲಿ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದರು. ಎಷ್ಟೋ ಹೆಂಗಸರಿಗೆ ಆಗುವಂಥದ್ದೇ, ಭಯ ಬೇಡ, ಆದರೆ ಇಷ್ಟು ದಿನ ಸುಮ್ಮನೆ ಯಾಕಿದ್ದಿರಿ ಎಂದು ಕೇಳಿದರಂತೆ. ಮೊದಲು ರಕ್ತ ಏರಿಸಿದರು, ಆಮೇಲೆ ಆಪರೇಷನ್ ಮಾಡಿದರು. ಅವ್ವ ಮನೆಗೆ ಬಂದಾಗ ಅಜ್ಜಿ ಬಾಗಿಲಿಗೆ ಬಂದು ನೋಡಿ, ಬಿಸಿನೀರು ಕಾಯಿಸಲು ಒಳಗೆ ಹೋದಳು. ಅವತ್ತಿನಿಂದ ಅವಳು ಅವ್ವನನ್ನು ಸೋಮಾರಿ ಎಂದದ್ದನ್ನು ನಾನು ಕೇಳಲಿಲ್ಲ. ತಪ್ಪಾಯಿತು ಎಂದದ್ದನ್ನೂ ಕೇಳಲಿಲ್ಲ. ನಾವ್ಯಾರೂ ಹಾಗೆ ಅನ್ನಲಿಲ್ಲ.

ಯಾವಾಗಲೋ ಒಂದು ದಿನ ಅಭ್ಯಾಸಬಲದಿಂದ ಗೋಡೆಯ ಚೂರು ಬಾಯಿಗಿಟ್ಟುಕೊಂಡೆ. ಬರೀ ಮಣ್ಣು. ಥೂ ಎಂದು ಉಗಿದೆ. ಮುಂದಿನ ವರ್ಷ ದುರ್ಗದ ಹಾಸ್ಟೆಲ್ ಸೇರಿದೆ, ಹೈಸ್ಕೂಲು, ಕಾಲೇಜು, ಕೆಲಸ, ಮದುವೆ ಎಲ್ಲ ಅಲ್ಲೇ ಆಯಿತು.

ಈಗ ಆ ಗೋಡೆಗಳಿಲ್ಲ, ಸಿಮೆಂಟು ಬಂದಿದೆ. ಮಳೆ ಬಿದ್ದರೆ ಏನೂ ವಾಸನೆ ಬರುವುದಿಲ್ಲ. ಹೊರಗಿನ ಗುಡಿಸಲು ಬಿದ್ದುಹೋಗಿ, ಮತ್ತೆ ಯಾರೂ ಕಟ್ಟಲಿಲ್ಲ. ಅಪ್ಪ ಇಲ್ಲ, ಅಜ್ಜಿ ಇಲ್ಲ. ನನ್ನ ಮಗಳಿಗೆ ಶಾಲೆಯಲ್ಲೇ ಕಬ್ಬಿಣದ ಮಾತ್ರೆ ಕೊಡುತ್ತಾರೆ, ಅವಳು ನಾಚಿಕೊಳ್ಳದೆ ನುಂಗಿ ಬರುತ್ತಾಳೆ. ಇವುಗಳಲ್ಲಿ ಹೋದದ್ದು ಎಷ್ಟು, ಬಂದದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಬಂದದ್ದೇ ಹೆಚ್ಚು ಅನ್ನಿಸುತ್ತಿತ್ತು, ಕಳೆದ ಹಬ್ಬದವರೆಗೆ.

ಹಬ್ಬಕ್ಕೆ ಹಟ್ಟಿಗೆ ಹೋಗಿದ್ದೆ. ಅವ್ವನಿಗೆ ಈಗ ಮಂಡಿ ಸವೆದಿದೆ, ಗೋಡೆ ಹಿಡಿದು ಏಳುತ್ತಾಳೆ. ಅಂಗಳದಲ್ಲಿ ಕುಳಿತು ನನ್ನ ಮಗಳಿಗೆ ಜಡೆ ಹಾಕುತ್ತಿದ್ದಳು. ರಂಗ ಅವ್ವನನ್ನು ಛೇಡಿಸುತ್ತ ನನ್ನ ಮಗಳಿಗೆ ಹೇಳಿದ: "ನಿಮ್ಮಜ್ಜಿ ಈಗ ಹಿಂಗೆ ಕುಂತವಳೆ ಅಂತ ನಂಬಬೇಡ. ನಾನು ಸಣ್ಣೋನಿದ್ದಾಗ ತಪ್ಪಿಸ್ಕಂಡ ಮರಿ ಹಿಡಿಯೋಕೆ ಹಳ್ಳದ ತನಕ ಓಡೋಳು. ಸೀರೆ ಎತ್ತಿ ಕಟ್ಟಿ ನಿಂತ್ರೆ ನಮ್ಮ ಕೈಗೆ ಸಿಕ್ತಾನೇ ಇರ್ಲಿಲ್ಲ. ಅಲ್ವೇನಕ್ಕ?"

ಅವ್ವ ಬಾಚಣಿಗೆ ಹಿಡಿದುಕೊಂಡೇ ನಾಚಿ ನಕ್ಕಳು.

"ಹೂಂ," ಎಂದೆ. ಆ ವರ್ಷಗಳಲ್ಲಿ ನಾನು ಹಾಸ್ಟೆಲಿನಲ್ಲಿದ್ದೆ. ಅವ್ವ ಓಡಿದ್ದನ್ನು ನಾನು ನೋಡಿಯೇ ಇಲ್ಲ.