ಮಾದರಿ ಪುಟದ ತಾಯಿ

ವರ್ನಾ ಕೊಸ್ಕೆಲಾಳಿಗೆ ದೆವ್ವ ಭೂತಗಳಲ್ಲಿ ನಂಬಿಕೆ ಇರಲಿಲ್ಲ. ಆದರೂ ಸತ್ತ ಹುಡುಗನೊಬ್ಬನ ಹೆಸರಿನಲ್ಲಿದ್ದ ಎರಡು ಸಾಲು ಅವಳ ಬೆನ್ನು ಬಿಟ್ಟಿರಲಿಲ್ಲ. ಇಂದು ಒಬ್ಬಳ ಪೋರ್ಟ್‌ಫೋಲಿಯೊದಲ್ಲಿ, ನಾಳೆ ಇನ್ನೊಬ್ಬನದರಲ್ಲಿ, ಅಕ್ಷರವೂ ಬದಲಾಗದೆ ಎದ್ದು ಬಂದು ಎದುರು ನಿಲ್ಲುತ್ತಿದ್ದವು. ಆ ಸಾಲುಗಳನ್ನು ಹುಡುಗ ಬರೆದಿರಲಿಲ್ಲ, ವರ್ನಾಳೇ ಬರೆದಿದ್ದಳು. ಅದು ಅವಳೊಬ್ಬಳಿಗೇ ಗೊತ್ತಿತ್ತು.

ಸುಪೀರಿಯರ್ ಸರೋವರದ ದಂಡೆಯ ಆ ಸಣ್ಣ ಕಾಲೇಜಿನ ಉದ್ಯೋಗ ಮಾರ್ಗದರ್ಶನ ಕಚೇರಿಗೆ ಅವಳು ಸೇರಿದ್ದು ಟೈಪ್‌ರೈಟರ್ ಕಾಲದಲ್ಲಿ. ಆಗ ಒಂದು ಹಾಳೆಯಲ್ಲಿ ಹುಡುಗರ ಬದುಕು ಮುಗಿಯುತ್ತಿತ್ತು. ಈಗ ಪ್ರತಿಯೊಬ್ಬರಿಗೂ ಅಂತರ್ಜಾಲದಲ್ಲಿ ತಮ್ಮದೇ ಒಂದು ಪುಟ ಬೇಕು. ಅಲ್ಲಿ ನಗುವ ಫೋಟೋ, ಮಾಡಿದ ಕೆಲಸಗಳ ಚಿತ್ರ, ಎಲ್ಲಕ್ಕಿಂತ ಮೇಲೆ ‘ನನ್ನ ಬಗ್ಗೆ’ ಎಂಬ ಖಾಲಿ ಚೌಕ. ಮಿಕ್ಕಿದ್ದನ್ನೆಲ್ಲ ಹುಡುಗರು ಚಿಟಿಕೆ ಹೊಡೆಯುವುದರಲ್ಲಿ ತುಂಬುತ್ತಿದ್ದರು, ಆ ಚೌಕದ ಹತ್ತಿರ ಬಂದು ನಿಂತುಬಿಡುತ್ತಿದ್ದರು. ಮರ ಕಡಿಯುವವರ, ಟ್ರಕ್ ಓಡಿಸುವವರ, ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವವರ ಮಕ್ಕಳು ಅವರು. ತನ್ನನ್ನು ತಾನೇ ಹೊಗಳಿಕೊಳ್ಳುವುದೆಂದರೆ ಆ ಕಡೆಯ ಜನಕ್ಕೆ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತಷ್ಟು ನಾಚಿಕೆ.

“ಬರೆಯೋಕೆ ಏನಿದೆ ಮೇಡಂ ನನ್ನ ಹತ್ರ? ಎರಡು ವರ್ಷ ಬರ್ಗರ್ ಮಗುಚಿ ಹಾಕಿದ್ದೀನಿ.”

“ಸುಟ್ಟು ಹಾಕಿದ್ಯಾ?”

“ಇಲ್ಲ.”

“ಮತ್ತೆ ಅದನ್ನೇ ಬರಿಯೋ. ಎರಡು ವರ್ಷ ಬಿಸಿ ಒಲೆ ಮುಂದೆ ನಿಂತು ಒಂದೂ ಸುಡದವನು ಅಂತ.”

“ಅಯ್ಯೋ, ನಮ್ಮಪ್ಪ ಓದಿದ್ರೆ ಜನ್ಮಪೂರ್ತಿ ಆಡ್ಕೊಂಡು ನಗ್ತಾನೆ!”

ಹೀಗೆ ಗೋಗರೆದು, ಗದರಿಸಿ, ಕೊನೆಗೆ ತಾನೇ ಕೀಲಿಮಣೆ ಎಳೆದುಕೊಂಡು ನಾಲ್ಕು ಸಾಲು ಬರೆದುಕೊಡುವುದು ವರ್ನಾಳಿಗೆ ಅಭ್ಯಾಸವಾಗಿಹೋಗಿತ್ತು. ಮದುವೆ ಮುರಿದಿತ್ತು, ಮಕ್ಕಳಿರಲಿಲ್ಲ. ಊರಿನ ಅರ್ಧ ಮಕ್ಕಳ ಬಾಯಿಗೆ ತಾನೇ ಮಾತು ಕೊಟ್ಟಿದ್ದೇನೆ ಎಂಬ ಸಣ್ಣದೊಂದು ಜಂಬ ಅವಳಿಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಟ್ರಾವಿಸ್ ಬೆಸ್ಸೊ ಭೂಮಿ ಅಳೆಯುವ ವಿದ್ಯೆ ಕಲಿಯುತ್ತಿದ್ದ ಹುಡುಗ. ಅವನ ನಕ್ಷೆಗಳು ಕಣ್ಣಿಗೆ ಒತ್ತಿಕೊಳ್ಳುವಷ್ಟು ಅಚ್ಚುಕಟ್ಟು. ಮಾತು ಮಾತ್ರ ಅಷ್ಟಕ್ಕಷ್ಟೇ. ಚೌಕದ ಮುಂದೆ ಮಧ್ಯಾಹ್ನವೆಲ್ಲ ಕುಳಿತು ಟೋಪಿಯನ್ನು ತಿರುವುತ್ತಿದ್ದ. ವರ್ನಾಳಿಗೆ ತಾಳ್ಮೆ ಮುಗಿಯಿತು. ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಬರೆದವು: ‘ಹಿಮ ಬಿದ್ದ ದಿನ ನಮ್ಮಮ್ಮ ಮೊದಲು ಪಕ್ಕದ ಮನೆಯ ಮೆಟ್ಟಿಲ ಹಿಮ ತೆಗೆದು, ಆಮೇಲೆ ನಮ್ಮ ಮೆಟ್ಟಿಲಿಗೆ ಬರುತ್ತಿದ್ದಳು. ಕೆಲಸ ಎಂದರೆ ಏನೆಂದು ನಾನು ಕಲಿತದ್ದು ಅಲ್ಲಿ.’ ಹಾಗೆ ಮಾಡುತ್ತಿದ್ದವಳು ವರ್ನಾಳ ಸ್ವಂತ ತಾಯಿ. ಪಕ್ಕದ ಮನೆಯಲ್ಲಿ ಗಣಿಯಲ್ಲಿ ಸತ್ತವನೊಬ್ಬನ ಹೆಂಡತಿ ಒಬ್ಬಳೇ ಇರುತ್ತಿದ್ದಳು.

ಆ ಮಾರ್ಚಿನಲ್ಲಿ ಟ್ರಾವಿಸ್ ಹಿಮದ ಮೇಲೆ ಓಡುವ ಮೋಟಾರು ಬಂಡಿಯೊಡನೆ ಸರೋವರದ ತೆಳುವಾದ ಮಂಜುಗಡ್ಡೆ ಒಡೆದು ಮುಳುಗಿಹೋದ. ಇನ್ನೆರಡು ತಿಂಗಳು ಕಳೆದಿದ್ದರೆ ಪದವಿ ಕೈಗೆ ಬರುತ್ತಿತ್ತು.

ಶವಸಂಸ್ಕಾರಕ್ಕೆ ವರ್ನಾ ಹೋಗಿದ್ದಳು, ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಪಾದ್ರಿ ಕನ್ನಡಕ ಸರಿಪಡಿಸಿಕೊಂಡು, “ನಮ್ಮ ಟ್ರಾವಿಸ್ ತನ್ನ ಪುಟದಲ್ಲಿ ತಾಯಿಯ ಬಗ್ಗೆ ಬರೆದ ಮಾತು ಇದು” ಎಂದು ಆ ಎರಡು ಸಾಲನ್ನು ಓದಿದ. ಚರ್ಚಿನ ತುಂಬ ಬಿಕ್ಕುವ ಸದ್ದು. ಎದ್ದು ನಿಂತು ಅದು ನನ್ನಮ್ಮ ಎನ್ನಲಾದೀತೇ? ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಜೊತೆ ಕಾಫಿ ಕುಡಿದಳು, ಹ್ಯಾಮ್ ಸ್ಯಾಂಡ್‌ವಿಚ್ ತಿಂದಳು, ಮನೆಗೆ ಬಂದಳು.

ಆಮೇಲೆ ಆ ಪುಟವನ್ನು ಅಳಿಸಲು ಅವಳಿಗೆ ಕೈ ಬರಲಿಲ್ಲ. ಅಳಿಸಿದರೆ ಹುಡುಗನನ್ನು ಎರಡನೆಯ ಸಲ ಹೂತಂತೆ ಎನಿಸಿತು. ಹೆಸರು, ಫೋಟೋ ತೆಗೆದು ಅದನ್ನೇ ಹೊಸ ಹುಡುಗರಿಗೆ ಮಾದರಿ ಎಂದು ತೋರಿಸತೊಡಗಿದಳು. ಅವನಿಗೊಂದು ಗೌರವ ಎಂದು ತನಗೆ ತಾನೇ ಹೇಳಿಕೊಂಡಳು. ಹುಡುಗರೋ, ಒಳ್ಳೆಯದು ಕಂಡರೆ ಬಿಡುವವರಲ್ಲ. ಲೆಕ್ಕಪತ್ರ ಓದುವವಳ ತಾಯಿ ಪಕ್ಕದ ಮನೆಯ ಹಿಮ ತೆಗೆದಳು. ಮೋಟಾರು ರಿಪೇರಿ ಕಲಿಯುವವನ ತಾಯಿಯೂ ತೆಗೆದಳು. ವರ್ಷ ಬಂದಂತೆ ಆ ತಾಯಂದಿರು ಹೆಚ್ಚಿದರು. ಪುಟ ತಿದ್ದಲು ಕುಳಿತಾಗಲೆಲ್ಲ ವರ್ನಾಳ ಕಿವಿಯಲ್ಲಿ ಸಲಿಕೆ ಕಲ್ಲಿಗೆ ತಾಗಿದ ಸದ್ದು ಕೇಳುತ್ತಿತ್ತು. ಯಾರ ಸಲಿಕೆ, ತನ್ನ ತಾಯಿಯದೋ, ಆ ಹುಡುಗನ ಗೋರಿ ಅಗೆದವರದೋ, ಅವಳಿಗೂ ತಿಳಿಯದು. ‘ಇದನ್ನು ತೆಗಿ’ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ನಾಲ್ಕು ವರ್ಷ ಹೀಗೇ ಕಳೆದ ಮೇಲೆ, ನವೆಂಬರಿನ ಒಂದು ಮಧ್ಯಾಹ್ನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ದಪ್ಪ ಕೋಟಿನ ಕೆಳಗೆ ವೃದ್ಧಾಶ್ರಮದ ನೀಲಿ ಸಮವಸ್ತ್ರ.

“ವರ್ನಾ ಅಂದ್ರೆ ನೀವೇನಾ? ನಾನು ಮಾರ್ಲಾ ಬೆಸ್ಸೊ. ಟ್ರಾವಿಸ್ ಅಮ್ಮ.”

ವರ್ನಾ ಎದ್ದಳು. ಕುರ್ಚಿಯ ಮೇಲಿನ ಕಾಗದಗಳನ್ನು ಎತ್ತಿ ಇನ್ನೊಂದು ಕುರ್ಚಿಗೆ ಹಾಕಿದಳು. “ಬನ್ನಿ, ಕೂತ್ಕೊಳ್ಳಿ. ಕಾಫಿ?”

“ಬೇಡ. ಇಡೀ ದಿನ ಅದನ್ನೇ ಕುಡಿದು ಹೊಟ್ಟೆ ಉರೀತಿದೆ.” ಮಾರ್ಲಾ ಕುಳಿತಳು. “ನಮ್ಮಲ್ಲಿಗೆ ನಿಮ್ಮ ಕಾಲೇಜಿನ ಹುಡುಗಿ ಬಂದಿದ್ದಾಳೆ, ಬ್ರಿಯಾನಾ ಅಂತ. ಹೊಸಬರು ಬಂದ್ರೆ ಅವರ ಪುಟದಿಂದ ಒಂದೆರಡು ಸಾಲು ತೆಗೆದು, ಫೋಟೋ ಜೊತೆ ಗೋಡೆಗೆ ಅಂಟಿಸ್ತಾರೆ. ಊಟದ ಗಾಡಿ ತಳ್ಕೊಂಡು ಹೋಗ್ತಾ ಓದ್ದೆ. ನನ್ನ ಮಗನ ಮಾತು ಅದು. ಅವಳನ್ನ ಹಿಡಿದು ನಿಲ್ಲಿಸಿ, ‘ಏನಮ್ಮಾ, ನಿಮ್ಮಮ್ಮ ಪಕ್ಕದ ಮನೆ ಹಿಮ ತೆಗೀತಿದ್ಲಾ?’ ಅಂತ ಕೇಳ್ದೆ. ಮುಖ ಕೆಂಪಾಯ್ತು ಅವಳಿಗೆ. ‘ನಮ್ಮಮ್ಮ ಫ್ಲಾರಿಡಾದಲ್ಲಿದ್ದಾಳೆ ಮಾರ್ಲಾ, ಅಲ್ಲಿ ಹಿಮಾನೇ ಬೀಳಲ್ಲ. ಕಾಲೇಜಲ್ಲಿ ಮಾದರಿ ತೋರಿಸಿದ್ರು, ಎತ್ಕೊಂಡೆ’ ಅಂದ್ಲು.”

“ನಂದೇ ತಪ್ಪು. ನಿಮ್ಮನ್ನ ಒಂದು ಮಾತು ಕೇಳದೆ ಅದನ್ನ ತೋರಿಸ್ಬಾರ್ದಿತ್ತು.”

“ಜಗಳಕ್ಕೆ ಬಂದಿಲ್ಲ ನಾನು.” ಮಾರ್ಲಾ ಮಡಿಲಲ್ಲಿದ್ದ ಕೈಗವಸುಗಳನ್ನು ಹಿಂಡಿದಳು. “ನಾವಿದ್ದದ್ದು ಬೇಕರಿ ಮೇಲಿನ ಮಹಡೀಲಿ. ಮೆಟ್ಟಿಲ ಹಿಮ ತೆಗೆಯೋದು ಬೇಕರಿಯವನ ಕೆಲಸ. ನಾನು ಒಂದು ದಿನವೂ ಸಲಿಕೆ ಮುಟ್ಟಿದವಳಲ್ಲ. ಪಾದ್ರಿ ಅದನ್ನ ಓದ್ದಾಗ ನನ್ನ ತಂಗಿ ತಿರುಗಿ ನನ್ನ ಮುಖ ನೋಡಿದ್ಲು. ಅವತ್ತಿಂದ ನಿದ್ದೆ ಇಲ್ಲ ನನಗೆ. ಯಾವ ಅಮ್ಮನ ಬಗ್ಗೆ ಬರೆದ ಅವನು? ನಾನು ಸಾಲದೆ ಹೋದ್ನಾ? ಅಂಥವಳೊಬ್ಬಳು ಬೇಕಾಗಿತ್ತಾ ಅವನಿಗೆ?”

ವರ್ನಾ ಕೀಲಿಮಣೆಯನ್ನು ಬದಿಗೆ ಸರಿಸಿದಳು.

“ಈಗ ಈ ಹುಡುಗಿ ಎತ್ಕೊಂಡಿದ್ದು ನೋಡಿ, ಅವನೂ ಎಲ್ಲಿಂದಾದ್ರೂ ಎತ್ಕೊಂಡಿರ್ಬಹುದಾ ಅನ್ನಿಸ್ತು. ಹೌದು ಅಂದ್ಬಿಡಿ, ಎದ್ದು ಹೋಗ್ತೀನಿ.”

‘ಹೌದು’ ಎಂಬುದು ವರ್ನಾಳ ನಾಲಿಗೆ ತುದಿಗೇ ಬಂದಿತ್ತು. ಎಷ್ಟು ಸುಲಭ. ಈ ತಾಯಿಗೆ ಇವತ್ತಾದರೂ ನಿದ್ದೆ ಬರುತ್ತದೆ. ವರ್ನಾಳಿಗೂ ಏನೂ ನಷ್ಟವಿಲ್ಲ. ಆದರೆ ಅಂದು ಟ್ರಾವಿಸ್ ಪರದೆ ನೋಡಿ, ಮೆಲ್ಲಗೆ, “ಇದು ನಮ್ಮಮ್ಮ ಅಲ್ಲ ಮೇಡಂ” ಎಂದಿದ್ದ. ಅಂಥವನನ್ನು ಇನ್ನೊಬ್ಬರ ಮಾತು ಕದ್ದವನನ್ನಾಗಿ ಮಾಡಿ ಅವನ ತಾಯಿಯ ಕೈಗೆ ಕೊಡುವುದೇ? ವರ್ನಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಬರೆದದ್ದು ನಾನು,” ಎಂದಳು. “ಅದು ನನ್ನಮ್ಮ. ಅವನು ಬೇಡ ಅಂದ. ಇರ್ಲಿ ಬಿಡು, ಕೆಲಸ ಸಿಕ್ಕಿದ ಮೇಲೆ ತೆಗೆದುಹಾಕು ಅಂದೆ ನಾನೇ. ಚರ್ಚಲ್ಲಿ ಹಿಂದೆ ಕೂತಿದ್ದೆ. ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ.”

ಮಾರ್ಲಾ ತಲೆ ಎತ್ತಿದಳು. ಬೈಯುತ್ತಾಳೆ ಎಂದುಕೊಂಡಳು ವರ್ನಾ, ಬೈದಿದ್ದರೆ ಚೆನ್ನಾಗಿತ್ತು.

“ನಾಲ್ಕು ವರ್ಷ,” ಎಂದಳು ಮಾರ್ಲಾ. “ನಿಮ್ಮಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಕೊಂಡು ಕೂತಿದ್ದೆ ನಾನು.” ಆಮೇಲೆ ಮುಂದಕ್ಕೆ ಬಾಗಿದಳು. “ಬರೆಯೋ ಮೊದಲು ಅವನನ್ನ ಕೇಳಿರ್ಬೇಕಲ್ಲ ನೀವು. ಅವನು ಏನಂದ?”

ಆ ಮಧ್ಯಾಹ್ನವನ್ನು ವರ್ನಾ ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದಳೆಂದರೆ ಒಂದು ಪದವೂ ಮಾಸಿರಲಿಲ್ಲ.

“ಕೆಲಸ ಮಾಡೋದು ಯಾರಿಂದ ಕಲಿತೆ ಅಂತ ಕೇಳ್ದೆ. ‘ಅಮ್ಮನಿಂದ’ ಅಂದ. ಏನಾದ್ರೂ ಹೇಳು ಅಂದ್ರೆ, ‘ಅಮ್ಮ ಕೆಲಸ ಮುಗಿಸಿ ಬಂದು ಶೂ ಕೂಡ ಬಿಚ್ಚದೆ ಸೋಫಾ ಮೇಲೆ ಮಲಗಿಬಿಡ್ತಾಳೆ. ಅವಳಿಗೆ ಎಚ್ಚರ ಆಗದ ಹಾಗೆ ನಾನು ಬಿಚ್ತೀನಿ. ಅದು ನನಗೆ ಚೆನ್ನಾಗಿ ಬರುತ್ತೆ. ಅದನ್ನ ಬರೀಬಹುದಾ?’ ಅಂದ. ಬೇಡಪ್ಪ, ಅದನ್ನೆಲ್ಲ ಓದಿ ಯಾರೂ ಕೆಲಸ ಕೊಡಲ್ಲ ಅಂದೆ.”

ಮಾರ್ಲಾ ಕೈಗವಸಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೆ ಕಣ್ಣೊರೆಸಿಕೊಂಡು ಗಣಕಯಂತ್ರದ ಕಡೆ ಗದ್ದ ಎತ್ತಿ ತೋರಿಸಿದಳು. “ಇನ್ನೂ ಇದ್ಯಾ ಅವನ ಪುಟ? ನಿಮ್ಮಮ್ಮನ್ನ ತೆಗೀರಿ. ಅವನು ಹೇಳಿದ್ದನ್ನ ಹಾಕಿ.”

ವರ್ನಾ ತನ್ನ ತಾಯಿಯನ್ನು ಅಳಿಸಿದಳು. ಹುಡುಗನ ಮಾತನ್ನು ಅವನು ಹೇಳಿದ ಹಾಗೆಯೇ ಬರೆದು, ಪರದೆಯನ್ನು ಅತ್ತ ತಿರುಗಿಸಿದಳು. ಮಾರ್ಲಾ ಕುರ್ಚಿ ಎಳೆದುಕೊಂಡು ಒಂದೊಂದೇ ಪದ ಓದಿದಳು. ಒಂದು ಕಡೆ ಬೆರಳು ನಿಂತಿತು.

“‘ಎಚ್ಚರ ಆಗದ ಹಾಗೆ’ ಅಂತಿದೆ. ಅದು ಸುಳ್ಳು. ನಾನು ಎಚ್ಚರವಾಗೇ ಇರ್ತಿದ್ದೆ. ಅವನು ಬಂದು ಬಿಚ್ಚಲಿ ಅಂತ ಕಣ್ಣು ಮುಚ್ಕೊಂಡಿರ್ತಿದ್ದೆ.”

“ತಿದ್ದಲಾ?”

“ಬೇಡ,” ಎಂದಳು ಮಾರ್ಲಾ. “ಅವನಿಗೆ ಗೊತ್ತಿರ್ಲಿಲ್ಲ.”