ಪೆನ್ಸಿಲ್ ಗುರುತಿನ ಮೊಟ್ಟೆ

ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ದೀಪದಕ್ಕ ಎಂದೇ. ಏಳು ದಿನ ಕಾವಿನಲ್ಲಿದ್ದ ಮೊಟ್ಟೆಗಳನ್ನು ಕತ್ತಲೆ ಕೋಣೆಯಲ್ಲಿ ಒಂದೊಂದಾಗಿ ದೀಪದ ಡಬ್ಬದ ತೂತಿಗೆ ಹಿಡಿಯುವುದು ಅವಳ ಕೆಲಸ. ಕೆಂಪು ನರಗಳ ನಡುವೆ ಸಾಸಿವೆಯಷ್ಟು ಚುಕ್ಕಿ ಮಿಡಿಯುತ್ತಿದ್ದರೆ ಮತ್ತೆ ಕಾವಿಗೆ ಹೋಗುವ ಟ್ರೇಗೆ, ಒಳಗೆ ಬರೀ ಹಳದಿ ಬೆಳಕು ಕಂಡರೆ ಬುಟ್ಟಿಗೆ.

ಹತ್ತೊಂಬತ್ತು ವರ್ಷ ಅದೇ ಅವಳ ಪ್ರಾರ್ಥನೆಯಾಗಿತ್ತು. ಮನೆಯಲ್ಲಿ ಕೈಮುಗಿದು ಕೂತರೆ ಮನಸ್ಸು ಒಲೆ, ಒಗೆಯದ ಬಟ್ಟೆ ಎಂದು ಊರೆಲ್ಲ ಸುತ್ತಿ ಬರುತ್ತಿತ್ತು. ಇಲ್ಲಿ ಮಾತ್ರ ಆ ಚುಕ್ಕಿ ಮಿಡಿದದ್ದೇ ತಡ, ಮೈ ಜುಮ್ಮೆನ್ನುತ್ತಿತ್ತು. ಮೇಲೊಬ್ಬ ಇದ್ದಾನೆ ಎಂಬ ಧೈರ್ಯ ಬರುತ್ತಿತ್ತು.

ಈಗ ಎರಡು ತಿಂಗಳಿಂದ ಚುಕ್ಕಿ ಮಿಡಿದರೂ ಅವಳೊಳಗೆ ಏನೂ ಇಲ್ಲ. ಟ್ರೇ, ಬುಟ್ಟಿ, ಟ್ರೇ, ಟ್ರೇ. ದೇವರು ತನ್ನ ಕೈಬಿಟ್ಟನೇ ಎಂಬ ದಿಗಿಲಿಗೆ ಊಟ ಸೇರುತ್ತಿರಲಿಲ್ಲ. ತಂಗಿಗೆ ಹೇಳಿಕೊಂಡರೆ, “ವಯಸ್ಸಾಯ್ತು ಕಣೇ ಅಕ್ಕಾ, ಕನ್ನಡಕ ಹಾಕಿಸ್ಕೋ” ಅಂದಳು. ಕನ್ನಡಕದಿಂದ ಆಗುವ ಕೆಲಸವಾಗಿದ್ದರೆ ಇವಳೇಕೆ ಅಳುತ್ತಿದ್ದಳು!

ಒಂದು ದಿನ ಅವಳಿಗೆ ಹಟ ಬಂತು. ಚುಕ್ಕಿ ಮಿಡಿಯುತ್ತಿದ್ದ ಒಂದು ಮೊಟ್ಟೆಯನ್ನು ದೀಪಕ್ಕೆ ಹಿಡಿದವಳು ತೆಗೆಯಲೇ ಇಲ್ಲ. “ತೋರ್ಸು ದೇವ್ರೇ, ಇವತ್ತು ತೋರ್ಸಲೇಬೇಕು” ಎಂದು ಕಣ್ಣು ನೆಟ್ಟು ಕೂತಳು. ಹೆಚ್ಚು ಹೊತ್ತು ಹಿಡಿದರೆ ದೀಪದ ಶಾಖಕ್ಕೆ ಒಳಗಿನ ಜೀವ ಸಾಯುತ್ತದೆಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ.

“ಏನ್ ದೀಪದಕ್ಕಾ, ಮೊಟ್ಟೆ ಬೇಯಿಸ್ತಿದ್ದೀರಾ?” ಬಾಗಿಲಲ್ಲಿ ಮೇಸ್ತ್ರಿ ನಕ್ಕ.

ಅವಳು ಬೆಚ್ಚಿದಳು. ಸಿಪ್ಪೆ ಸುಡುತ್ತಿತ್ತು. ಚುಕ್ಕಿ ನಿಂತಿತ್ತೋ, ತನ್ನ ಕಣ್ಣೇ ಕತ್ತಲಿಟ್ಟಿತ್ತೋ, ತಿಳಿಯಲಿಲ್ಲ. ಪೆನ್ಸಿಲಿನಲ್ಲಿ ಗೀಟೆಳೆದು, ಕಳ್ಳಿಯ ಹಾಗೆ ಅದನ್ನು ಟ್ರೇಗೆ ಸೇರಿಸಿದಳು. ಇನ್ನೊಮ್ಮೆ ನೋಡುವುದು ಹದಿನಾಲ್ಕನೇ ದಿನಕ್ಕೆ. ನಡುವೆ ತೆಗೆದು ನೋಡುವಂತಿರಲಿಲ್ಲ.

ಆ ವಾರ ಅವಳ ಜೀವ ಅವಳ ಕೈಯಲ್ಲಿರಲಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಾಗ, ತುಟಿಯಲ್ಲಿ ಒಂದೇ ಮಾತು: “ನಂಗೇನೂ ತೋರಿಸ್ಬೇಡ. ಅದು ಬದುಕ್ಲಿ ಸಾಕು.” ತನ್ನ ಬರಡು ಮನಸ್ಸಿನ ಚಿಂತೆ ಅವಳಿಗೆ ಮರೆತೇಹೋಗಿತ್ತು.

ಹದಿನಾಲ್ಕನೇ ದಿನ, ಗೀಟಿದ್ದ ಮೊಟ್ಟೆಯನ್ನು ದೀಪಕ್ಕೆ ಹಿಡಿದಳು. ಒಳಗೆ ಬರೀ ಕಪ್ಪು. ಅಲುಗಾಟವಿಲ್ಲ. ಅಷ್ಟರಲ್ಲಿ ಆ ಕಪ್ಪಿನೊಳಗಿಂದ ಏನೋ ಜಾಡಿಸಿ ಒದೆಯಿತು.

ಅವಳ ಮೈಯೆಲ್ಲ ಮುಳ್ಳೆದ್ದಿತು. ಇನ್ನೊಂದೇ ಒಂದು ಸಲ ನೋಡಬೇಕೆಂದು ಪ್ರಾಣ ಹೋಗುವಷ್ಟು ಆಸೆಯಾಯಿತು.

ಕೂಡಲೇ ದೀಪದಿಂದ ತೆಗೆದಳು. “ಬೇಡ, ನೀನು ಬೆಚ್ಚಗಿರು” ಎಂದು ಅದನ್ನು ಟ್ರೇಯಲ್ಲಿಟ್ಟು, ಮುಂದಿನ ಮೊಟ್ಟೆಯನ್ನು ಕೈಗೆತ್ತಿಕೊಂಡಳು.