ಸತ್ತವರ ನಂಬರು

ನಮ್ಮನೆಯವರು ತೀರಿಕೊಂಡ ಮೇಲೆ ಕಾರ್ಖಾನೆಯವರು ನನಗೆ ಕೆಲಸ ಕೊಟ್ಟರು. ಅವರ ಕುರ್ಚಿಯಲ್ಲ, ಅದೇ ಕೋಣೆಯ ಇನ್ನೊಂದು ಕುರ್ಚಿ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಮದುವೆಗೆ ಮುಂಚೆ ಮಂಡ್ಯದಲ್ಲಿ ಟೈಪಿಂಗ್ ಕಲಿತಿದ್ದೆ. ಅಷ್ಟು ಸಾಕು ಎಂದು ಕಂಪ್ಯೂಟರಿಗೆ ಕಾರ್ಡು ಹೊಡೆಯುವ ಯಂತ್ರದ ಮುಂದೆ ಕೂರಿಸಿದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗುತ್ತಲಿನ ಬಾಡಿಗೆ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಮದ್ದೂರು ರಸ್ತೆಯ ಆ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದೆ. ಅವರೂ ಅದೇ ಬಸ್ಸಿಗೆ ಹೋಗುತ್ತಿದ್ದರು. ಕಂಡಕ್ಟರು ಮೊದಲ ವಾರ ನನ್ನ ಹತ್ತಿರ ಟಿಕೆಟ್ಟು ಕೇಳಲಿಲ್ಲ. ಆಮೇಲೆ ಕೇಳಿದ. ಕೇಳಿದ್ದೇ ಒಳ್ಳೆಯದಾಯಿತು.

ಕಾಮಾಲೆ ಬಂದಿತ್ತು ಅವರಿಗೆ. ಹಳ್ಳಿಯಲ್ಲಿ ಸೊಪ್ಪಿನ ರಸ ಕುಡಿಸಿದರು, ಪಥ್ಯ ಮಾಡಿಸಿದರು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಅಂಗೈ ಕೂಡ ಹಳದಿಯಾಗಿತ್ತು. ಅವರ ಊರಾದ ಹೊಳಲಿನಲ್ಲಿ, ನಮ್ಮ ಮಾವನವರನ್ನು ಮಣ್ಣು ಮಾಡಿದ ಕಬ್ಬಿನ ಹೊಲದಲ್ಲೇ, ಅವರ ಪಕ್ಕದಲ್ಲೇ, ಇವರನ್ನೂ ಮಣ್ಣು ಮಾಡಿದರು. ಹಾಲು ತುಪ್ಪದ ದಿನ ನಾವು ಹೋದಾಗ ಸುತ್ತ ಎಳೆ ಕಬ್ಬು ಮೊಣಕಾಲುದ್ದ ಇತ್ತು. ಕಾಯಿಲೆ ಬೀಳುವ ಮುಂಚೆ, ರಜೆ ಹಾಕಿ ಹೋಗಿ, ಅವರೇ ನಿಂತು ನೆಡಿಸಿದ ಕಬ್ಬು ಅದು.

ಯಂತ್ರದ ಕೋಣೆ ತಣ್ಣಗಿರುತ್ತಿತ್ತು. ಹೊರಗೆ ಬೆವರು ಕಿತ್ತುಕೊಂಡು ಬರುವ ಬಿಸಿಲಿದ್ದರೂ ಒಳಗೆ ನಾನು ಶಾಲು ಹೊದ್ದು ಕೂರುತ್ತಿದ್ದೆ. ಕಂಪ್ಯೂಟರ್ ಯಂತ್ರವನ್ನು ಬೆಂಗಳೂರಿನ ಯಾವುದೋ ಕಂಪನಿಯವರು ಬಳಸಿ ಸಾಕಾದ ಮೇಲೆ ಲಾರಿಯಲ್ಲಿ ತಂದಿದ್ದರಂತೆ. ಅದರ ಬಣ್ಣ ಮೂಲೆಗಳಲ್ಲಿ ಎದ್ದಿತ್ತು. ಅದು ಮಾಡುತ್ತಿದ್ದ ಮುಖ್ಯ ಕೆಲಸ ಒಂದೇ. ಯಾವ ರೈತನ ಕಬ್ಬು ಯಾವಾಗ ನೆಟ್ಟದ್ದು, ಯಾವಾಗ ಕಡಿಯಬೇಕು ಎಂದು ನೋಡಿ, ಸರದಿಯ ಪ್ರಕಾರ ಪರ್ಮಿಟ್ಟು ಅಚ್ಚು ಹಾಕುವುದು. ಪರ್ಮಿಟ್ಟಿಲ್ಲದೆ ಯಾರೂ ಕಬ್ಬು ಕಡಿದು ತರುವ ಹಾಗಿರಲಿಲ್ಲ. ಒಬ್ಬೊಬ್ಬ ರೈತನಿಗೂ ಒಂದು ನಂಬರು, ಆ ವಿವರವೆಲ್ಲ ಡಿಸ್ಕ್ ಪ್ಯಾಕಿನಲ್ಲಿ ಇರುತ್ತಿತ್ತು. ಕಾವಲಿಗಳನ್ನು ನಡುವೆ ಸಂದಿ ಬಿಟ್ಟು ಒಂದರ ಮೇಲೊಂದು ಜೋಡಿಸಿದ ಹಾಗಿರುವ ವಸ್ತು ಅದು. ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಹೊಸ ಪ್ಯಾಕು ಎಲ್ಲೂ ಸಿಗುತ್ತಿರಲಿಲ್ಲ. ಇದ್ದವುಗಳಲ್ಲಿ ಕೆಲವು ಧೂಳು ಹೊಕ್ಕು ಗೀರು ಬಿದ್ದು ಮೂಲೆ ಸೇರಿದ್ದವು.

ಹಿಂದಿನ ವರ್ಷ, ಅವರಿದ್ದಾಗಲೇ, ಅರೆಯುವ ಹಂಗಾಮಿನ ನಡುವೆ ಡಿಸ್ಕಿನಲ್ಲಿ ಜಾಗ ತುಂಬಿ ಯಂತ್ರ ನಿಂತುಬಿಟ್ಟಿತ್ತು. ಪರ್ಮಿಟ್ಟು ಬರಲಿಲ್ಲ. ಮೊದಲೇ ಕಡಿದು ತಂದಿದ್ದವರ ಗಾಡಿಗಳು ಯಾರ್ಡಿನಲ್ಲಿ ದಿನಗಟ್ಟಲೆ ನಿಂತವು. ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಂಡಿತು. ಎತ್ತುಗಳಿಗೆ ಮೇವಿರಲಿಲ್ಲ. ಯಾರದೋ ಎತ್ತು ನೊಗದ ಪಕ್ಕದಲ್ಲೇ ಬಿದ್ದು ಸತ್ತಿತು. ಅವರು ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಆಮೇಲೆ ಅವರು ಜಾಗ ಬಿಡಿಸುವ ಕೆಲಸಕ್ಕೆ ಕೂತರು. ಹಳೆಯ ವರ್ಷಗಳ ತೂಕದ ಲೆಕ್ಕ ತೆಗೆದುಹಾಕಿದರು. ಊರಿನ ಹೆಸರು ಪೂರ್ತಿ ಬರೆಯುವ ಬದಲು ಎರಡಕ್ಷರದ ಗುರುತು ಮಾಡಿದರು. ಮನೆಯಲ್ಲಿ ನಾನು ಅಕ್ಕಿ ಆರಿಸುತ್ತಿದ್ದರೆ ಪಕ್ಕ ಕೂತು ಹೇಳುತ್ತಿದ್ದರು: "ಅಳಿಸಿದ ತಕ್ಷಣ ಜಾಗ ಆಗಲ್ಲ ಕಣೆ. ಗುರುತು ಮಾಡೋದು ಅಷ್ಟೇ. ಬೇಕಾದ್ದನ್ನೆಲ್ಲ ಬೇರೆ ಪ್ಯಾಕಿಗೆ ತುಂಬಿ, ಬೇಡದ್ದನ್ನ ಹಿಂದೆ ಬಿಟ್ಟುಬರಬೇಕು. ಆಗ ಜಾಗ." ನನಗೆ ಆಗ ಅದು ಅಷ್ಟಾಗಿ ತಲೆಗೆ ಹೋಗಿರಲಿಲ್ಲ. ಹೂಂ ಎಂದಿದ್ದೆ.

ನಾನು ಸೇರಿದ ವರ್ಷ ಮಳವಳ್ಳಿ ಕಡೆಯ ಹಳ್ಳಿಗಳು ಕಾರ್ಖಾನೆಗೆ ಹೊಸದಾಗಿ ಸೇರಿದವು. ಅವರಿಗೆಲ್ಲ ನಂಬರು ಕೊಡಬೇಕು, ಜಾಗವಿಲ್ಲ. ತೆಗೆಯುವಂಥದ್ದು ಉಳಿದದ್ದು ಒಂದೇ, ಸತ್ತವರ ನಂಬರುಗಳು. ನಮ್ಮ ಕಡೆ ಒಂದೇ ಮನೆಯಲ್ಲಿ ತಾತನದೊಂದು ನಂಬರು, ಅಪ್ಪನದೊಂದು, ಮಕ್ಕಳದು ಬೇರೆ. ತಾತ ಸತ್ತು ಎಷ್ಟೋ ಕಾಲವಾಗಿದ್ದರೂ ಅವನ ಹೆಸರಿಗೆ ಪರ್ಮಿಟ್ಟು ಬರುತ್ತಲೇ ಇರುತ್ತಿತ್ತು. ಮನೆಗೆ ಒಂದು ಸರದಿ ಹೆಚ್ಚು ಸಿಕ್ಕಿದ ಹಾಗೆ. ಅದಕ್ಕಿಂತ ದೊಡ್ಡದು, ಸತ್ತವನ ಹೆಸರು ತೆಗೆಸಬೇಕಾದರೆ ಆ ತುಂಡು ನೆಲ ಯಾರದು ಎಂದು ಅಣ್ಣತಮ್ಮಂದಿರು ಕೂತು ಮಾತಾಡಬೇಕು. ಯಾರಿಗೂ ಅದು ಬೇಕಿರಲಿಲ್ಲ. ಗೇಟಿನಲ್ಲಿ ಗುಮಾಸ್ತ ಪರ್ಮಿಟ್ಟು ನೋಡಿ ಹೆಸರು ಕೂಗುತ್ತಿದ್ದ. ಗಾಡಿ ಹೊಡೆಯುವವನು ಅಪ್ಪನದಾಗಲಿ ತಾತನದಾಗಲಿ, ತನ್ನದೇ ಹೆಸರೆಂಬಂತೆ ಓಗೊಟ್ಟು ಒಳಗೆ ಹೋಗುತ್ತಿದ್ದ. ಅದರಲ್ಲಿ ಮೋಸವಿದೆ ಎಂದು ಯಾರೂ ತಿಳಿದಿರಲಿಲ್ಲ.

ಸತ್ತಿದ್ದಾನೆ ಎಂದು ಮನೆಯವರೇ ಹೇಳಿ ಹೆಬ್ಬೆಟ್ಟು ಒತ್ತದೆ ನಂಬರು ತೆಗೆಯಬಾರದು ಎಂಬುದು ಕಾರ್ಖಾನೆಯ ನಿಯಮ. ಹಾಗಾಗಿ ಫೀಲ್ಡ್‌ಮನ್‌ಗಳನ್ನು ಹಳ್ಳಿಗಳಿಗೆ ಕಳಿಸಿದರು. ಹಳ್ಳಿಗಳಲ್ಲಿ ಯಾರೂ ಸತ್ತಿರಲಿಲ್ಲ. ಒಬ್ಬ ಫೀಲ್ಡ್‌ಮನ್ ಒಂದು ಮನೆಯಲ್ಲಿ ಯಜಮಾನ ಎಲ್ಲಿ ಎಂದು ಕೇಳಿದ್ದಕ್ಕೆ ಹೊಲದಲ್ಲಿದ್ದಾನೆ ಎಂದರಂತೆ. ಸೈಕಲ್ಲು ತುಳಿದು ಹೊಲಕ್ಕೆ ಹೋದರೆ ಅಲ್ಲಿದ್ದದ್ದು ಗೋರಿ. ಇನ್ನೊಂದು ಊರಿನಲ್ಲಿ ಒಬ್ಬ ಇವನ ಸೈಕಲ್ಲಿಗೆ ಅಡ್ಡ ನಿಂತು ಕೇಳಿದನಂತೆ: "ನಿಮ್ ಮಿಸಿನ್ನಲ್ಲಿ ಜಾಗ ಇಲ್ದಿದ್ರೆ ನಮ್ಮಪ್ಪ ಯಾಕ್ಲಾ ಇನ್ನೊಂದ್ ಸತಿ ಸಾಯ್ಬೇಕು?" ಫೀಲ್ಡ್‌ಮನ್ ಇದನ್ನು ಬಂದು ಹೇಳಿದಾಗ ಕೋಣೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ನಾನಿರುವುದು ನೆನಪಾಗಿ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು.

ನಮ್ಮ ಕೋಣೆಯ ಮುಖ್ಯಸ್ಥರು ಮದ್ದೂರಿನಿಂದ ಓಡಾಡುತ್ತಿದ್ದ ಹಿರಿಯರು. ನಮ್ಮನೆಯವರಿಗೆ ಕೆಲಸ ಕಲಿಸಿದವರೂ ಇವರೇ. ಇಷ್ಟು ಜಾಗ ಉಳಿದಿದೆ ಎಂದು ಯಂತ್ರ ದಿನಾ ಬೆಳಿಗ್ಗೆ ಒಂದು ಸಾಲು ಹೊಡೆಯುತ್ತಿತ್ತು. ಅದನ್ನು ಹರಿದು ತೆಗೆದು ನೋಡಿ ಮೇಜಿನ ಮೇಲೆ ಮಗುಚಿ ಇಡುತ್ತಿದ್ದರು. ಒಂದು ದಿನ ನನ್ನ ಹತ್ತಿರ ಬಂದು ನಿಂತರು. ಬಹಳ ಹೊತ್ತು ಕಾರ್ಡುಗಳನ್ನು ಸರಿ ಮಾಡುವವರ ಹಾಗೆ ಮಾಡಿದರು.

"ನಿಮ್ಮನೇದೇ ಮೊದ್ಲು ತಗೀಬೇಕಾಯ್ತದೆ ಕಣಮ್ಮ," ಎಂದರು. "ಊರವ್ರು ಅದನ್ನೇ ಕೇಳ್ತಾವ್ರೆ. ಮಿಸಿನ್ ಮನೆಯವ್ರದೇ ಅಂಗದೆ, ನಮ್ಮನ್ಯಾಕ್ ಕೇಳೀರಿ ಅಂತಾರೆ."

ಅದು ನಿಜ. ಅವರು ಸತ್ತರೆಂದೇ ನನಗೆ ಆ ಕುರ್ಚಿ ಸಿಕ್ಕಿತ್ತು. ಆದರೆ ಡಿಸ್ಕಿನಲ್ಲಿ ಅವರು ಹೊಳಲಿನ ರೈತ, ಜೀವಂತ. ಹೆಬ್ಬೆಟ್ಟು ಒತ್ತಬೇಕಾದವರು ನಮ್ಮತ್ತೆ, ಏಕೆಂದರೆ ಆ ನೆಲಕ್ಕೂ ಮನೆಗೂ ಹಿರಿಯರು ಅವರು. ಮೈದುನನ ಹೆಸರಿನಲ್ಲಿ ಬೇರೆ ನಂಬರಿತ್ತು. ಆ ಹೊಲವನ್ನು ಅದಕ್ಕೆ ಸೇರಿಸಿದರೆ ಮುಗಿಯುತ್ತಿತ್ತು. ಕಬ್ಬಿಗೆ ಏನೂ ತೊಂದರೆ ಇರಲಿಲ್ಲ.

ಭಾನುವಾರ ಹೊಳಲಿಗೆ ಹೋದೆ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸಿದೆ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಆದರೆ ಮಾತು ಕಡಿಮೆಯಾಗಿತ್ತು. ಅವರನ್ನು ಕಳೆದುಕೊಂಡ ಮೇಲೆ ಒಬ್ಬರನ್ನೊಬ್ಬರು ನೋಡುವುದೇ ಕಷ್ಟವಾಗಿತ್ತು. ನಾನು ವಿಷಯ ಹೇಳಿದೆ. ಯಂತ್ರದಲ್ಲಿ ಜಾಗವಿಲ್ಲದ್ದು, ಹೋದ ವರ್ಷ ಗಾಡಿಗಳು ನಿಂತದ್ದು, ಮಳವಳ್ಳಿ ಕಡೆಯವರು ನಂಬರಿಗಾಗಿ ಕಾರ್ಖಾನೆಯ ವರಾಂಡದಲ್ಲಿ ಬಂದು ಕೂರುತ್ತಿದ್ದದ್ದು, ಎಲ್ಲ. ಅವರು ಕೈ ನಿಲ್ಲಿಸದೆ ಕೇಳಿದರು.

ಮಾವನವರು ಹೋದಾಗ ಅವರ ನಂಬರನ್ನು ತಿಂಗಳೊಳಗೆ ತೆಗೆಸಿದ್ದು ಮಗನೇ ಎಂದು ಅತ್ತೆ ಶುರು ಮಾಡಿದರು. ಆಗ ತಾಯಿಗೂ ಮಗನಿಗೂ ಮಾತು ಬಿಟ್ಟುಹೋಗಿತ್ತಂತೆ. ಗಂಡನ ಹೆಸರನ್ನು ಹೆತ್ತ ಮಗನೇ ಅಳಿಸಿಬಿಟ್ಟ ಎಂದು ಬೀದಿಯಲ್ಲಿ ನಿಂತು ಬೈದಿದ್ದರಂತೆ. ನಮ್ಮ ಮದುವೆಗೆ ಮುಂಚಿನ ಮಾತು ಇದು, ನನಗೆ ಗೊತ್ತಿರಲಿಲ್ಲ. ನಮ್ಮನೆಯವರು ನನಗೆ ಹೇಳಿರಲಿಲ್ಲ.

ಆಮೇಲೆ ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. "ನೆಟ್ಟೋನು ಅವ್ನು," ಎಂದರು. "ಅವ್ನು ನೆಟ್ಟಿದ್ದು ಅವ್ನೆಸ್ರಲ್ಲೇ ಓಗ್ಲಿ ಕಣಮ್ಮಿ. ಇದೊಂದು ಓಗ್ಬುಡ್ಲಿ. ನಾನು ಬ್ಯಾರೆ ಏನೂ ಕೇಳಕ್ಕಿಲ್ಲ."

ನಾನು ಒತ್ತಾಯ ಮಾಡಲಿಲ್ಲ. ಮಾಡುವ ಮನಸ್ಸೂ ಇರಲಿಲ್ಲ. ಪರ್ಮಿಟ್ಟಿನ ಮೇಲೆ ಅವರ ಹೆಸರು ಅಚ್ಚಾಗಿ ಬರುವುದನ್ನು ನೋಡಬೇಕೆಂದು ನನಗೂ ಇತ್ತು. ಸಂಜೆ ಬಸ್ಸಿನಲ್ಲಿ ಬರುವಾಗ ಮುಖ್ಯಸ್ಥರಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಮರುದಿನ ಅವರು ನನ್ನ ಮುಖ ನೋಡಿ ತಮ್ಮ ಮೇಜಿಗೆ ಹೋದರು.

ಹಂಗಾಮು ಶುರುವಾಯಿತು. ಚಿಮಣಿಯ ಹೊಗೆ, ಮಡ್ಡಿಯ ವಾಸನೆ, ರಸ್ತೆಯುದ್ದಕ್ಕೂ ಗಾಡಿ. ಸತ್ತವರ ನಂಬರು ಒಂದೂ ಹೋಗಲಿಲ್ಲ. ಮಳವಳ್ಳಿಯವರಲ್ಲಿ ಕೆಲವರು ಕಾದು ಸಾಕಾಗಿ ಕಬ್ಬನ್ನು ಆಲೆಮನೆಗೆ ಕೊಟ್ಟರು. ವರಾಂಡ ಸ್ವಲ್ಪ ಖಾಲಿಯಾಯಿತು. ಬೆಳಗಿನ ಆ ಸಾಲನ್ನು ಮುಖ್ಯಸ್ಥರು ಈಗ ನೋಡದೆಯೇ ಮಗುಚುತ್ತಿದ್ದರು. ಹೀಗೇ ಹೋದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಯಂತ್ರ ನಿಲ್ಲುತ್ತದೆ ಎಂದು ನನಗೂ ಗೊತ್ತಾಗಿತ್ತು.

ನಮ್ಮ ಹೊಲದ ಪರ್ಮಿಟ್ಟು ಅಚ್ಚಾದ ದಿನ ಪ್ರಿಂಟರಿನ ಹತ್ತಿರ ನಾನೇ ನಿಂತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ನಂಬರು, ಹೆಸರು, ಅವರಪ್ಪನ ಹೆಸರು, ಊರಿನ ಗುರುತು. ಕಾಗದವನ್ನು ಹರಿದು ಬೇರೆಯವುಗಳ ಜೊತೆ ಇಟ್ಟೆ. ನನಗೆ ಏನೋ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಗಾಡಿ ಬಂದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಕಡೆ ಹೋದೆ. ಮೈದುನ ಎತ್ತಿನ ಮುಂದೆ ನಿಂತಿದ್ದ. ಕಬ್ಬಿನ ಹೊರೆಯ ಪಕ್ಕ, ಗಾಡಿಯ ಮೂಕಿಯ ಮೇಲೆ, ಅತ್ತೆ ಕೂತಿದ್ದರು. ಹೆಂಗಸರು ಹಾಗೆ ಗಾಡಿಯ ಜೊತೆ ಬರುತ್ತಿರಲಿಲ್ಲ. ಬೆಳಗಿನ ಜಾವ ತಾನೂ ಬರುತ್ತೇನೆ ಎಂದು ಹತ್ತಿ ಕೂತುಬಿಟ್ಟರಂತೆ. ಸರದಿ ನಿಧಾನವಾಗಿ ಸಾಗಿತು. ಮುಂದಿನ ಗಾಡಿಗಳವರು ಒಬ್ಬೊಬ್ಬರೇ ಓಗೊಟ್ಟು ಒಳಗೆ ಹೋದರು. ಅವರಲ್ಲಿ ಎಷ್ಟು ಜನ ತಮ್ಮದೇ ಹೆಸರಿಗೆ ಓಗೊಟ್ಟರೋ ಗೊತ್ತಿಲ್ಲ.

ಗುಮಾಸ್ತ ಅವರ ಹೆಸರು ಕೂಗಿದ. ಅವನು ಹೊಸಬ, ಅವರನ್ನು ಕಂಡವನಲ್ಲ. ಯಾರ್ಡಿನ ಗದ್ದಲದಲ್ಲಿ ಎಲ್ಲರಿಗೂ ಕೇಳುವ ಹಾಗೆ, ಅಪ್ಪನ ಹೆಸರನ್ನೂ ಊರನ್ನೂ ಸೇರಿಸಿ ಗಟ್ಟಿಯಾಗಿ ಕೂಗಿದ. ಮೈದುನ ಬಾಯಿ ತೆರೆದ. ಗುಮಾಸ್ತ ಪುನಃ ಕೂಗಿದ. ಮೈದುನ ಎತ್ತಿನ ಕೊಂಬು ಹಿಡಿದುಕೊಂಡು ನೆಲ ನೋಡುತ್ತ ನಿಂತ. ಹಿಂದಿನ ಗಾಡಿಯವನು, ಏನ್ಲಾ ನಿದ್ದೆ ಮಾಡ್ತಿದ್ದೀಯ, ಎಂದು ರೇಗಿದ. ಗುಮಾಸ್ತ ಪರ್ಮಿಟ್ಟನ್ನು ಬದಿಗಿಡಲು ಹೋದ.

ಅತ್ತೆ ಮೂಕಿಯಿಂದ ಇಳಿದರು. ಸೆರಗು ಸರಿಮಾಡಿಕೊಂಡು ಗೇಟಿನ ಹತ್ತಿರ ಹೋದರು.

"ಅವ್ನಿಲ್ಲ ಕಣಪ್ಪ," ಎಂದರು. "ಕಬ್ಬು ಬಂದದೆ."

ಅಷ್ಟೇ ಹೇಳಿದ್ದು. ಅವರು ಹೋದ ದಿನದಿಂದ ಅತ್ತೆಯ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಮಣ್ಣು ಮಾಡುವಾಗಲೂ ಮಲಗಿದ್ದಾನೆ ಎಂದೇ ಅಂದಿದ್ದರು. ಗುಮಾಸ್ತ ಬದಿಗಿಡಲು ಹೋದ ಪರ್ಮಿಟ್ಟನ್ನು ತಿರುಗಿ ಕೈಗೆತ್ತಿಕೊಂಡ. ಹಿಂದಿನ ಗಾಡಿಯವನು ಟವೆಲು ತೆಗೆದು ಮುಖ ಒರೆಸಿಕೊಂಡ. ನಾನು ಮುಂದೆ ಹೋಗಿ ಅತ್ತೆಯ ತೋಳು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಗಾಡಿಯನ್ನು ಒಳಗೆ ಬಿಟ್ಟರು.

ಕಬ್ಬು ಇಳಿಸುವವರೆಗೂ ಅತ್ತೆ ಅಲ್ಲೇ ನಿಂತು ನೋಡಿದರು. ಆಮೇಲೆ ಎಲ್ಲಿ ಒತ್ತಬೇಕು ಎಂದು ನನ್ನನ್ನು ಕೇಳಿದರು. ಮುಖ್ಯಸ್ಥರೇ ಕಾಗದವನ್ನೂ ಮಸಿಯನ್ನೂ ಹೊರಗೆ ತಂದರು. ಒಳಗಿನ ಚಳಿಗೆ ಅವರನ್ನು ಕರೆಯಲಿಲ್ಲ. ಒತ್ತಿದ ಮೇಲೆ ಅತ್ತೆ ಬೆರಳನ್ನು ಕಬ್ಬಿನ ಸೋಗೆಗೆ ಒರೆಸಿಕೊಂಡರು. ಆ ದಿನ ಗೇಟಿನಲ್ಲಿದ್ದ ಹೊಳಲಿನವರು ಒಂದಿಷ್ಟು ಜನ ಆ ವಾರದಲ್ಲಿ ತಮ್ಮ ಮನೆಯ ಹೆಸರುಗಳನ್ನು ಕೊಟ್ಟರು. ಬೇರೆ ಊರಿನವರಲ್ಲಿ ಕೊಟ್ಟವರು ಕಡಿಮೆ. ಆದರೂ ಆ ಹಂಗಾಮು ದಾಟುವಷ್ಟು ಜಾಗವಾಗುತ್ತಿತ್ತು.

ಆ ಹೆಸರುಗಳನ್ನು ತೆಗೆಯುವ ಕಾರ್ಡುಗಳನ್ನು ನಾನೇ ಹೊಡೆದೆ. ಅಕ್ಷರ ಒತ್ತುವುದು ಬೆರಳಿನ ಕೆಲಸ, ಅದು ಆಗಿಹೋಯಿತು. ಯಂತ್ರಕ್ಕೆ ಹಾಕುವ ಮುಂಚೆ ತಾಳೆ ನೋಡಬೇಕು. ಒಂದು ಸಲ ಬೇರೆ ಪ್ಯಾಕಿಗೆ ತುಂಬಿದ ಮೇಲೆ, ತಪ್ಪಾಗಿ ಬಿಟ್ಟುಹೋದ ಹೆಸರನ್ನು ತಿರುಗಿ ತರುವುದು ಕಷ್ಟ. ಅದಕ್ಕೆ ಒಬ್ಬರು ಕಾರ್ಡನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೆಬ್ಬೆಟ್ಟಿನ ಕಾಗದ ನೋಡಿ ಸರಿ ಎನ್ನಬೇಕು. ಓದುವ ಕೆಲಸ ನನ್ನದು, ಕಾಗದ ನೋಡುವುದು ಮುಖ್ಯಸ್ಥರದು. ನಂಬರು, ಹೆಸರು, ಊರು ಎಂದು ಓದುತ್ತ ಬಂದೆ. ಮುಂದಿನ ಕಾರ್ಡು ನಮ್ಮನೆಯವರದು. ಅಲ್ಲಿ ನಿಂತೆ. ಮದುವೆಯಾದಾಗಿನಿಂದ ಆ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ನಮ್ಮಲ್ಲಿ ಯಾವ ಹೆಂಗಸೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗಲೂ ಮೈದುನನೇ ಹೇಳಿದ್ದ.

ಮುಖ್ಯಸ್ಥರಿಗೆ ಅರ್ಥವಾಯಿತು. "ಅದೊಂದು ಇತ್ಲಾಗ್ ಕೊಡಮ್ಮ, ನಾನೇ ಓದ್ತೀನಿ," ಎಂದು ಕೈ ಚಾಚಿದರು.

ಬೇಡ ಸಾರ್ ಎಂದೆ. ನಂಬರು ಓದಿದೆ. ಆಮೇಲೆ ಅವರ ಹೆಸರು ಓದಿದೆ. ಯಂತ್ರದ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಊರಿನ ಹೆಸರನ್ನೂ ಓದಿದೆ. ಮುಖ್ಯಸ್ಥರು ಕಾಗದದಿಂದ ತಲೆ ಎತ್ತದೆ ಸರಿ ಎಂದರು. ನಾನು ಆ ಕಾರ್ಡನ್ನು ಉಳಿದವುಗಳ ಮೇಲೆ ಮಗುಚಿ ಇಟ್ಟೆ.